ಅತ್ತೆಯ ಮೈಯಲ್ಲಿ ಗುಟ್ಟು ಸಾಗಿಸಿದ ಮೈಕ್ರೋ ಆರ್‌ಎನ್‌ಎಗಳಿಗೆ

ಮಾನ್ಯ ಮೈಕ್ರೋ ಆರ್‌ಎನ್‌ಎ ಮಹಾಶಯರೇ,

ಜೀವಕೋಶದಿಂದ ಜೀವಕೋಶಕ್ಕೆ ಸುದ್ದಿ ಒಯ್ಯುವ ಬಿಡುವಿಲ್ಲದ ಸೇವೆಯ ನಡುವೆ ತಾವು ನನಗೂ ಒಂದು ಗಳಿಗೆ ಕೊಡಬೇಕೆಂದು ಬೇಡುತ್ತ, ಅಫಜಲಪುರದ ಶಾಲಾ ಶಿಕ್ಷಕಿ ಅನುರಾಧಾ ಮಾಡುವ ನಮಸ್ಕಾರಗಳು.

ನಮ್ಮತ್ತೆ ನಿಂಬೆವ್ವನವರನ್ನು ತಾವು ಒಳಗಿನಿಂದಲೇ ಬಲ್ಲಿರಿ. ಹೋದ ವರ್ಷ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಾಗ ಅವರು ಗಾಣಗಾಪುರದ ತಂಗಿಗೆ ಹೇಳಿದರು, ಇಜೇರಿಯ ಬೀಗಿತ್ತಿಗೆ ಹೇಳಿದರು. "ಮನ್ಯಾಗ ಗೊತ್ತಾಗಬಾರ್ದು" ಎಂದು ಇಬ್ಬರಿಂದಲೂ ಆಣೆ ಹಾಕಿಸಿಕೊಂಡರು. ರೊಟ್ಟಿ ಬಡಿಯುವಾಗ ಬಲಗೈ ಸೋತದ್ದನ್ನು ಕಂಡು ನಾನು ಕೇಳಿದರೆ, "ವಾತ ಹಿಡದದ ಬೇ, ನೀ ಸಾಲಿಗಿ ಹೋಗು" ಎಂದರು. ನಾನು ಹೋಗಲಿಲ್ಲ. ಒತ್ತಾಯಿಸಿ ತೋಳಿನಿಂದ ಎದೆಯವರೆಗೆ ಮುಟ್ಟಿ ನೋಡಿದಾಗ ಗಂಟು ಸಿಕ್ಕಿತು; ಅಂದೇ ಅವರನ್ನು ಕಲಬುರಗಿಗೆ ಕರೆದೊಯ್ದೆ.

ತಪಾಸಣೆಗಳೆಲ್ಲ ಮುಗಿದು ಅದು ಕ್ಯಾನ್ಸರೆಂದು ಗೊತ್ತಾದ ಮೇಲೆ, ಮಹಾಶಯರಾದ ತಮ್ಮ ಕಾರ್ಯಕುಶಲತೆಯನ್ನು ಡಾಕ್ಟರ್ ಭುವನೇಶ್ವರಿಯವರು ನಮಗೆ ವಿವರಿಸಿದರು. ಕ್ಯಾನ್ಸರ್ ಕೋಶವು ತಮ್ಮನ್ನು ಕಣ್ಣಿಗೆ ಕಾಣದ ಪೊಟ್ಟಣಗಳಲ್ಲಿ ತುಂಬಿ ನೆರೆಯ ಕೋಶಗಳಿಗೆ ಕಳಿಸುತ್ತದಂತೆ. ತಾವು ಒಳಹೊಕ್ಕು, ಪ್ರೋಟೀನ್ ತಯಾರಿಕೆಗೆ ಹೊರಟ ಆದೇಶಗಳನ್ನು ಸದ್ದಿಲ್ಲದೆ ತಡೆದು, ರೋಗದ ವಿರುದ್ಧ ಕಾವಲಿರುವ ಕೋಶಗಳನ್ನೂ ಮೆತ್ತಗಾಗಿಸಬಲ್ಲಿರಂತೆ. ಆರೋಗ್ಯವಂತ ಮೈಯನ್ನು ತಾವು ಹದದಲ್ಲಿಡುವುದೂ ಇದೇ ಕೆಲಸದಿಂದಲಂತೆ. ಕಳಿಸಿದವರು ಯಾರೆಂದು ಕೇಳದ ಇಂಥ ನಿಷ್ಠೆಗೆ ಸನ್ಮಾನವಾಗಬೇಕು, ಆದರೆ ಶಾಲು ಹೊದಿಸಲು ತಮ್ಮ ಹೆಗಲು ಸಿಗಬೇಕಲ್ಲ.

ಎಲ್ಲ ಕೇಳಿಸಿಕೊಂಡ ಅತ್ತೆ, "ಅಂದ್ರ ಇವೂ ನನ್ನಂಗ, ಹೇಳಬೇಕಾದೋರ ಬಾಯಿ ಮುಚ್ಚಸ್ತಾವ ಅನ್ರಿ" ಎಂದರು. ಡಾಕ್ಟರು ನಗಲಿಲ್ಲ. "ಹೌದ್ರಿ ಅವ್ವಾ. ಇನ್ನ ಮ್ಯಾಲ ನೀವರೆ ಬಾಯಿ ತಗೀರಿ" ಎಂದರು. ಆಗ ಅತ್ತೆ ನನ್ನ ಕೈ ಹಿಡಿದುಕೊಂಡು, "ಭಾಳ ಅಂಜಿಕಿ ಆಗ್ಯದ ಬೇ" ಎಂದರು. ಮದುವೆಯಾಗಿ ಬಂದಾಗಿನಿಂದ ಅವರು ನನ್ನೆದುರು ಅಂಜಿದ್ದನ್ನು ನಾನು ಕಂಡಿರಲಿಲ್ಲ.

ಶಸ್ತ್ರಚಿಕಿತ್ಸೆಯಾಯಿತು. ಕೂದಲು ಉದುರಿ ಮತ್ತೆ ಚಿಗುರಿತು. ಈಗ ಅವರು ಜೇವರ್ಗಿ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿಗೂ "ಎದಿ ಮುಟ್ಟಿ ನೋಡ್ಕೋತೀಯೇನ ಬೇ" ಎಂದು ಕೇಳುತ್ತಾರೆ. ನಾನು ಕಿಟಕಿಯ ಕಡೆ ತಿರುಗುತ್ತೇನೆ.

ಆದ್ದರಿಂದ ನನ್ನ ವಿನಮ್ರ ಕೋರಿಕೆಯಿಷ್ಟೇ: ಇನ್ನೊಮ್ಮೆ ಅಂಥ ಗುಟ್ಟಿನ ಸುದ್ದಿ ಹೊರಟರೆ, ಒಂದು ಪ್ರತಿಯನ್ನು ಸೊಸೆಗೂ ತಲುಪಿಸುವ ಕೃಪೆಯಾಗಲಿ.

ಮೈಯ ಕಣಕಣದಲ್ಲೂ ತಮ್ಮನ್ನು ಹೊತ್ತು, ಬೇರೆ ದಾರಿಯಿಲ್ಲದೆ
ತಮ್ಮ ವಿಶ್ವಾಸಿ,
ಅನುರಾಧಾ

ವಿ.ಸೂ.: ರಕ್ತದಲ್ಲೇ ತಮ್ಮನ್ನು ಹಿಡಿದು ಕಾಯಿಲೆಯನ್ನು ಮೊದಲೇ ಪತ್ತೆ ಹಚ್ಚುವ ಪ್ರಯತ್ನ ನಡೆದಿದೆಯೆಂದು ಡಾಕ್ಟರು ಹೇಳಿದರು. ಪರರ ಟಪಾಲು ಒಡೆದು ಓದುವುದು ಸಭ್ಯತೆಯಲ್ಲವೆಂದು ತಾವು ಆಕ್ಷೇಪಿಸಬಹುದು. ಆಕ್ಷೇಪಣೆಗಳನ್ನು ನಮ್ಮತ್ತೆಯವರೇ ಖುದ್ದಾಗಿ ವಿಚಾರಿಸುತ್ತಾರೆ.