ಗಣಿತದ ಮೇಷ್ಟ್ರ ರಾಜವಂಶ

ಇಸವಿ ಅಂದರೆ ಅಂಕಿ, ಅಂಕಿ ಅಂದರೆ ಗಣಿತ, ಆದ್ದರಿಂದ ಇತಿಹಾಸವೂ ಗಣಿತವೇ. ಇಂಥದೊಂದು ಪ್ರಮೇಯವನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೇ ಸಾಧಿಸಿದ ಹೆಡ್‌ಮೇಷ್ಟ್ರು, ‘ನಾಡಿನ ಇತಿಹಾಸ ಮತ್ತು ಪರಂಪರೆ’ ಎಂಬ ಹೊಸ ವಿಷಯವನ್ನು ಗಣಿತದ ಮೇಷ್ಟ್ರ ತಲೆಗೆ ಕಟ್ಟಿದರು. ಅದನ್ನು ಎಲ್ಲ ಶಾಲೆಗಳಲ್ಲೂ ಕಡ್ಡಾಯ ಮಾಡಿದ ಸರ್ಕಾರ ಪುಸ್ತಕ ಕಳಿಸಿತ್ತು, ಪಾಠ ಹೇಳುವವರನ್ನು ಕಳಿಸಿರಲಿಲ್ಲ. (ಎರಡನ್ನೂ ಒಟ್ಟಿಗೆ ಕಳಿಸಿದ ದಾಖಲೆ ಯಾವ ಇತಿಹಾಸದಲ್ಲೂ ಇಲ್ಲ.) ಸಾಲದ್ದಕ್ಕೆ ಪಾಠ ನೋಡಲು ಇನ್‌ಸ್ಪೆಕ್ಟರು ಬರುವವರಿದ್ದರು. ಅವರಿಗೆ ಹಿಡಿಸದಿದ್ದರೆ ಮೇಷ್ಟ್ರಿಗೆ ವರ್ಗ, ಅದೂ ಬಸ್ಸು ತನಗೆ ಮನಸ್ಸು ಬಂದಾಗ ಮಾತ್ರ ಹೋಗುವ ಊರಿಗೆ.

ಮೇಷ್ಟ್ರಿಗೆ ಊಟ ಸೇರದಾಯಿತು. ಪುಸ್ತಕ ತೆರೆದರೆ ಅಜ್ಜನ ಹೆಸರೇ ಮೊಮ್ಮಗನಿಗೆ, ಮೊಮ್ಮಗನನ್ನು ಕೊಂದವನಿಗೂ ಅದೇ ಹೆಸರು. ಯಾರು ಯಾರ ಕೋಟೆ ಕಿತ್ತುಕೊಂಡರೆಂದು ನೆನಪಿಡುವಷ್ಟರಲ್ಲಿ ಅದನ್ನು ಇನ್ನೊಬ್ಬರು ಕಿತ್ತುಕೊಂಡಿರುತ್ತಿದ್ದರು. ಒಂದು ಸಂಜೆ ಹಾಗೇ ಅಡುಗೆಮನೆಯಲ್ಲಿ ಬಾಯಿಪಾಠ ಮಾಡುತ್ತ ನಿಂತಿದ್ದಾಗ, ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ಕೂಗಿದಳು.

“ರೀ, ಸತ್ತವರ ಚಿಂತೆ ಆಮೇಲೆ ಮಾಡಿ. ಮೊದಲು ಗ್ಯಾಸ್ ಆರಿಸಿ, ಹಾಲು ಉಕ್ಕುತ್ತೆ.”

“ಆಗಲೇ ಉಕ್ಕಿತು,” ಎಂದರು ಅತ್ತೆ, ಹಾಲ್‌ನ ಮಂಚದ ಮೇಲಿಂದಲೇ.

ಒಲೆ ಒರೆಸುತ್ತಿದ್ದ ಮೇಷ್ಟ್ರ ಕೈ ನಿಂತಿತು. ಅಳಿಯನನ್ನು ಪಟ್ಟಕ್ಕೆ ಕೂರಿಸಿ ಪರದೆಯ ಹಿಂದಿನಿಂದ ತಾನೇ ಆಳಿದ ರಾಜಮಾತೆಯೊಬ್ಬಳು ಪಾಠದಲ್ಲಿದ್ದಳು. ಮಂಚ ಇಳಿಯದೆ ಇಡೀ ಮನೆ ಆಳುವ ಅತ್ತೆ ಇಲ್ಲಿದ್ದಾರಲ್ಲ! ಹಾಗೆ ಹುಡುಕಿದರೆ ಇಡೀ ರಾಜವಂಶವೇ ಮನೆಯಲ್ಲಿತ್ತು. ಬೀರುವಿನ ಬೀಗದ ಕೈ ಸೊಂಟದಲ್ಲಿಟ್ಟ ಹೆಂಡತಿ ಭಂಡಾರಾಧಿಕಾರಿ. ಎರಡು ದಿನಕ್ಕೆಂದು ಬಂದು ಠಿಕಾಣಿ ಹೂಡಿದ ಭಾವಮೈದುನ ಸಾಮಂತ. ಉಳಿದದ್ದು ಧೀರನೂ ಗಂಭೀರನೂ ಪ್ರಜಾವತ್ಸಲನೂ ಆದ ಮಹಾರಾಜನ ಪಾತ್ರ. ಅದನ್ನು ಮೇಷ್ಟ್ರು, ಬೇರೆ ಯಾರೂ ಇಲ್ಲದ್ದರಿಂದ, ತಾವೇ ವಹಿಸಿಕೊಂಡರು.

ತರಗತಿಯಲ್ಲಿ ಅವರು “ಒಂದು ಮನೆ ಅಂದ್ಕೊಳ್ಳಿ ಮಕ್ಕಳೇ,” ಎಂದಷ್ಟೇ ಶುರುಮಾಡಿದರು. ಯಾರ ಮನೆ ಎಂದು ಅಪ್ಪಿತಪ್ಪಿಯೂ ಬಾಯಿಬಿಡಲಿಲ್ಲ. ಮಕ್ಕಳು ಪಾಠವನ್ನು ನೀರು ಕುಡಿದಂತೆ ಕಲಿತರು. ಮೇಷ್ಟ್ರಿಗೆ ಊಟ ಸೇರತೊಡಗಿತು. ಆಗ ಅದೇ ತರಗತಿಯಲ್ಲಿ ಓದುವ ಮಗಳು ಮನೆಗೆ ಬಂದು ಹೇಳಿದಳು.

“ಅಪ್ಪ, ಇನ್‌ಸ್ಪೆಕ್ಟರ್ ಬರೋ ದಿನ ಮನೆಯವರೂ ಬರಬಹುದಂತೆ. ಅಜ್ಜಿ ಬರ್ತಾರಂತೆ.”

ಮೇಷ್ಟ್ರು ಮಂಚದ ಬಳಿಗೆ ಓಡಿದರು. “ಅತ್ತೆ, ಅಲ್ಲಿ ಮೆಟ್ಟಿಲು ಜಾಸ್ತಿ,” ಎಂದರು.

“ಹತ್ತೋದು ನಾನು ತಾನೆ, ಅಳಿಯಂದ್ರೇ. ನಿಮಗ್ಯಾಕೆ ಏದುಸಿರು?”

ಆ ದಿನ ಅತ್ತೆ ಕನ್ನಡಕ ಒರೆಸಿಕೊಂಡು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತರು, ಜೊತೆಗೆ ಹೆಂಡತಿ. ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ ಬೆವರಿಗೆ ನೆಂದು ಬರೆಯದಾಗಿತ್ತು. ಮಕ್ಕಳು ಪುಸ್ತಕದಲ್ಲಿದ್ದಷ್ಟೇ ಹೇಳಲಿ ದೇವರೇ ಎಂದು ಅವರು ಒಳಗೊಳಗೇ ಬೇಡುತ್ತಿದ್ದರು.

“ಸಾಮಂತ ಅಂದ್ರೆ ಯಾರು?” ಇನ್‌ಸ್ಪೆಕ್ಟರು ಕೇಳಿದರು.

ಮುಂದಿನ ಬೆಂಚಿನ ಹುಡುಗಿ ಎದ್ದಳು. “ಎರಡು ದಿನಕ್ಕೆ ಅಂತ ಬಂದು, ಬೀರುವಿನಲ್ಲಿ ಬಟ್ಟೆ ಜೋಡಿಸ್ಕೊಳ್ಳೋರು ಸರ್.”

ಹೆಂಡತಿ ತಲೆಯೆತ್ತಿದಳು. ತಮ್ಮನ ಗುರುತು ಅಕ್ಕನಿಗೆ ಸಿಗದಿರುತ್ತದೆಯೇ?

“ಹಾಗಾದರೆ ರಾಜಮಾತೆ ಹೇಗೆ ಆಳ್ತಿದ್ದರು?”

“ಮಂಚದ ಮೇಲೆ ಕೂತು ಸರ್. ಕಣ್ಣು ಮಂಜು ಅಂತಾರೆ, ಆದ್ರೆ ಸಾಮಂತ ಕದ್ದು ಫ್ರಿಜ್ ಬಾಗಿಲು ತೆಗೆದ್ರೂ ಅವರಿಗೆ ಗೊತ್ತಾಗುತ್ತೆ.”

“ಆ ಕಾಲದಲ್ಲಿ ಫ್ರಿಜ್ಜೇ?” ಇನ್‌ಸ್ಪೆಕ್ಟರು ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರಿಗೆ ಆ ಊರಿನ ಬಸ್ಸು ಕಣ್ಮುಂದೆ ಬಂದು ನಿಂತ ಹಾಗಾಯಿತು. ಅಷ್ಟರಲ್ಲಿ ಅತ್ತೆ ಎದ್ದು ನಿಂತರು.

“ಪಾಠ ಚೆನ್ನಾಗಿದೆ, ಒಂದೇ ತಪ್ಪು. ಫ್ರಿಜ್ ಬಾಗಿಲು ಕದ್ದು ತೆಗೆಯೋದು ಸಾಮಂತ ಅಲ್ಲ, ಸರ್. ಮಹಾರಾಜರು.”

ತರಗತಿ ಗೊಳ್ಳೆಂದಿತು. ಇನ್‌ಸ್ಪೆಕ್ಟರು ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತೆ ಬಿಡಲಿಲ್ಲ. ಅಂಥ ರಾಜನನ್ನಿಟ್ಟುಕೊಂಡೂ ಭಂಡಾರ ಉಳಿಸುವುದು ಹೇಗೆ, ಸಾಮಂತನನ್ನು ನೋಯಿಸದೆ ಕೆಲಸಕ್ಕೆ ಹಚ್ಚುವುದು ಹೇಗೆ ಎಂದು ಮಕ್ಕಳಿಗೆ ವಿವರಿಸಿದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಹೊರಡುವಾಗ ಇನ್‌ಸ್ಪೆಕ್ಟರು ಅಪ್ಪಣೆ ಕೊಟ್ಟರು: ಮೇಷ್ಟ್ರು ಇಲ್ಲೇ ಇರಲಿ, ಆದರೆ ಈ ವಿಷಯವನ್ನು ಇನ್ನು ಮುಂದೆ ಅಮ್ಮನವರೇ ಬಂದು ಹೇಳಿಕೊಡಲಿ, ಮೇಷ್ಟ್ರು ಸಹಾಯಕ್ಕಿರಲಿ.

ಮುಂದಿನ ಸೋಮವಾರ ಅತ್ತೆ ಮೇಷ್ಟ್ರ ಕುರ್ಚಿಯಲ್ಲಿ ಕೂತು, “ಅಳಿಯಂದ್ರೇ, ಸ್ವಲ್ಪ ಬೋರ್ಡ್ ಒರೆಸಿಕೊಡಿ,” ಎಂದರು. ಮೇಷ್ಟ್ರು ಒರೆಸಿದರು.

ಹಿಂದಿನ ಬೆಂಚಿನಲ್ಲಿ ಒಬ್ಬಳು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದಳು. “ಮಹಾರಾಜರು ಯಾರು ಅಂತ ಈಗ ಗೊತ್ತಾಯ್ತು ಕಣೇ.”