ಒಂದೇ ಬೆರಳಿನ ಸ್ಟಿಯರಿಂಗ್

ಕಿರ್ರ್... ಸದ್ದು ಸಣ್ಣದೇ. ಆದರೆ ರಾತ್ರಿ ಹನ್ನೊಂದರ ಬೀದಿಯಲ್ಲಿ ಯಾರೋ ಹಲ್ಲು ಕಡಿದಂತೆ ಕೇಳಿಸಿತು. ಸ್ಟೇಷನ್ನಿನಿಂದ ಅಣ್ಣನನ್ನು ಕರೆತರುತ್ತಿದ್ದ ಲೈಬ್ರರಿಯನ್, ಮನೆಯ ಕಡೆಗೆ ಸ್ಟಿಯರಿಂಗ್ ತಿರುಗಿಸಿದ್ದಳು, ಅಷ್ಟೆ.

"ಅಪ್ಪ ಹೋಗಿ ಆರು ವರ್ಷ ಆಯ್ತು, ಕಾರು ಇನ್ನೂ ನರಳ್ತಿದೆ," ಎಂದ ಅಣ್ಣ. "ನಾಳೆ ಸಂಜೆಯೊಳಗೆ ಸರಿ ಆಗ್ಲಿಲ್ಲ ಅಂದ್ರೆ ಗುಜರಿಗೆ. ಅಪ್ಪ ಇಬ್ಬರಿಗೂ ಬಿಟ್ಟೋಗಿದ್ದು, ನನ್ನ ಮಾತೂ ನಡೀಬೇಕು."

ಓಡಿಸಲು ಕಲಿಸುವಾಗ ಅಪ್ಪ ಅವಳ ಕೈಯ ಮೇಲೆ ಕೈಯಿಟ್ಟದ್ದು ಇದೇ ಸ್ಟಿಯರಿಂಗಿನ ಮೇಲೆ. ಅದನ್ನು ಗುಜರಿಯವನ ತಕ್ಕಡಿಯಲ್ಲಿ ನೆನೆಯಲೂ ಅವಳಿಂದಾಗಲಿಲ್ಲ.

ಬೆಳಿಗ್ಗೆ ಅಣ್ಣ ಗೆಳೆಯರನ್ನು ನೋಡಲು ಹೋದ. ಅವಳು ಜ್ಯಾಕಿನಿಂದ ಕಾರಿನ ಮೂತಿಯನ್ನೆತ್ತಿ, ಸ್ಟ್ಯಾಂಡುಗಳ ಮೇಲೆ ಕೂರಿಸಿ, ಕೆಳಗೆ ನುಸುಳಿದಳು. ಸ್ಟಿಯರಿಂಗಿನಿಂದ ಚಕ್ರಗಳಿಗೆ ಹೋಗುವ ಸರಳುಗಳ ತುದಿಯಲ್ಲಿ ಗ್ರೀಸು ಒಣಗಿ ಹಳೇ ಗೋಂದಾಗಿತ್ತು. ಬಿಚ್ಚಿದ್ದಕ್ಕೆಲ್ಲ, ಪುಸ್ತಕಕ್ಕೆ ಹಚ್ಚುವಂತೆ ಚೀಟಿ ಬರೆದಿಟ್ಟಳು: 'ಎಡ ತುದಿ, ಹದಿನಾಲ್ಕು ಸುತ್ತು.' 'ಬಲ ತುದಿ, ಹದಿಮೂರೂವರೆ.' ಜೋಡಿಸುವಾಗ ಅಷ್ಟೇ ಸುತ್ತು ಹಾಕದಿದ್ದರೆ ಎರಡು ಚಕ್ರಗಳೂ ಜಗಳವಾಡಿದ ಗಂಡಹೆಂಡಿರಂತೆ ಒಂದೊಂದು ಕಡೆಗೆ ಮುಖ ತಿರುಗಿಸುತ್ತವೆ.

ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಕಾಂಪೌಂಡಿನ ಮೇಲಿಂದ ಇಣುಕಿದರು. "ಬಿಚ್ಚೋದು ಯಾರ್ ಬೇಕಾದ್ರೂ ಬಿಚ್ತಾರಮ್ಮ. ಜೋಡಿಸೋರು ಯಾರು?"

"ನಾನೇ, ಮಾವ."

"ಹಾಗಾದ್ರೆ ನಾನು ಇಲ್ಲೇ ಕಾವಲು ಕೂತಿರ್ತೀನಿ," ಎಂದು ಕುರ್ಚಿ ತಂದರು.

ಅವಳು ಅಂಗಡಿಗೆ ಹೋಗಿ ಗ್ರೀಸು, ಪಿನ್ನು ತರುವಷ್ಟರಲ್ಲಿ ಎದುರುಮನೆಯ ಅತ್ತೆ ಉಪಕಾರ ಮಾಡಿಬಿಟ್ಟಿದ್ದರು. ಭಾಗಗಳೆಲ್ಲ ಒರೆಸಿಕೊಂಡು, ದೊಡ್ಡದರಿಂದ ಚಿಕ್ಕದಕ್ಕೆ ಪಾತ್ರೆಗಳಂತೆ ಸಾಲಾಗಿ ಕೂತಿದ್ದವು.

"ಅತ್ತೆ, ಚೀಟಿಗಳೆಲ್ಲಿ?"

"ಆ ಜಿಡ್ಡು ಕಾಗದಾನಾ? ಒಲೆಗೆ ಹಾಕ್ದೆ ಕಣೇ. ಮನೆ ಮುಂದೆ ಏನದು ಗಲೀಜು!"

"ಮಾವ, ನೀವು ಕಾವಲಿದ್ರಲ್ಲ!"

"ಒರೆಸೋಕೆ ಬಟ್ಟೆ ಕೊಟ್ಟಿದ್ದೇ ನಾನು."

ತುದಿಗಳು ಅವಳಿಜವಳಿಯಂತಿದ್ದವು. ಒಂದನ್ನು ತಿರುಗಿಸಿದಳು, ಕಚ್ಚಲೇ ಇಲ್ಲ. "ಸುತ್ತಿಗೆ ತಗೋ," ಎಂದರು ಮಾವ. "ಎಣ್ಣೆ ಬಿಡು," ಎಂದರು ಅತ್ತೆ. ಅವಳು ಇಬ್ಬರನ್ನೂ ಬಿಟ್ಟು ತುದಿಯನ್ನು ಬೆಳಕಿಗೆ ಹಿಡಿದಳು. ಎರಡರ ತಿರುಪಿನ ಗೀರುಗಳೂ ಎದುರುಬದುರಾಗಿ ಓರೆಯಾಗಿದ್ದವು. ಒಂದು ಬಲಕ್ಕೆ ತಿರುಗಿಸಿದರೆ ಕೂರುತ್ತದೆ, ಇನ್ನೊಂದು ಎಡಕ್ಕೆ. ಸುತ್ತುಗಳ ಲೆಕ್ಕವೋ, ಕಪಾಟಿನ ಸಂಖ್ಯೆಗಳನ್ನು ಬಾಯಿಪಾಠ ಮಾಡಿದ ತಲೆಯಲ್ಲಿ ಭದ್ರವಾಗಿತ್ತು. ಗ್ರೀಸು ತುಂಬಿ, ನಟ್ಟು ಬಿಗಿದು, ಅದು ಸಡಿಲವಾಗದಂತೆ ಹೊಸ ಪಿನ್ನು ಹಾಕಿ, ಪ್ರತಿಯೊಂದನ್ನೂ ಮೂರು ಸಲ ಮುಟ್ಟಿ ನೋಡಿದಳು.

ಸಂಜೆ ಅಣ್ಣ ಬೀದಿಯನ್ನು ಎರಡು ಸುತ್ತು ಹಾಕಿ ಬಂದ.

"ಒಂದೇ ಬೆರಳಲ್ಲಿ ತಿರುಗುತ್ತೆ ಕಣೇ! ನಾನು ತಪ್ಪು ತಿಳ್ಕೊಂಡಿದ್ದೆ. ಇದನ್ನ ಮಾರೋದಿಲ್ಲ."

ಅವಳ ಕಣ್ಣುಗಳು ತುಂಬಿದವು.

"ರೈಲು ಟಿಕೆಟ್ಟೂ ರದ್ದು ಮಾಡ್ದೆ. ಇದರಲ್ಲೇ ಊರಿಗೆ ಹೋಗ್ತೀನಿ. ಆರು ವರ್ಷ ನಿನ್ನ ಹತ್ರ ಇತ್ತು. ಇನ್ನಾರು ವರ್ಷ ನನ್ನ ಹತ್ರ ಇರ್ಲಿ."

"ನ್ಯಾಯವಾದ ಮಾತು," ಎಂದರು ಕುರ್ಚಿಯ ಮಾವ.

ಸೋಮವಾರ ಬಸ್ಸಿನಲ್ಲಿ ಸಹೋದ್ಯೋಗಿ ಪಕ್ಕ ಸರಿದು ಜಾಗ ಕೊಟ್ಟಳು. "ಏನ್ರೀ, ಇವತ್ತು ಬಸ್ಸಲ್ಲಿ? ಕಾರು ಕೆಟ್ಟೋಯ್ತಾ?"

ಕೆಟ್ಟಿತೆಂದರೆ ಸುಳ್ಳು. ಚೆನ್ನಾಯಿತೆಂದರೆ ಉಳಿದದ್ದನ್ನೂ ಹೇಳಬೇಕು. ಅವಳು ಕಪ್ಪಾದ ಉಗುರುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.