ಇನ್ನೂರ ಹದಿಮೂರು ಫೋಟೋಗಳ ಭಾರ

ರೆಕಾರ್ಡ್ ರೂಮಿನ ಗುಮಾಸ್ತರು ಮಾಡಿದ ತಪ್ಪು ಒಂದೇ: ತಮಗೆ ಕ್ಯಾಮೆರಾ ಹಿಡಿಯಲು ಬರುತ್ತದೆಂದು ಕ್ಯಾಂಟೀನಿನಲ್ಲಿ ಹೇಳಿಕೊಂಡದ್ದು.

ಅಂದು ಮ್ಯಾನೇಜರ್ ನಿವೃತ್ತರಾಗುವ ದಿನ. ನಾಲ್ಕಕ್ಕೆ ಬೀಳ್ಕೊಡುಗೆ. "ರೀ, ಸಭೆ ಹೊತ್ತಿಗೆ ಇಡೀ ಆಫೀಸಿನದ್ದು ಒಂದು ಒಳ್ಳೇ ಫೋಟೋ ಪರದೆ ಮೇಲೆ ಬರಲಿ. ನೀವು ಕೇಳ್ತಿದ್ರಲ್ಲ ಕಿಟಕಿ ಪಕ್ಕದ ಮೇಜು, ಹೋಗೋಕೆ ಮುಂಚೆ ಅದಕ್ಕೊಂದು ಸಹಿ ಹಾಕಿ ಹೋಗ್ತೀನಿ" ಎಂದಿದ್ದರು. ಒಂಬತ್ತು ವರ್ಷ ಜಿರಲೆಗಳ ಸಹವಾಸದಲ್ಲಿ ಕಳೆದವರಿಗೆ ಕಿಟಕಿಯೆಂದರೆ ಮೋಕ್ಷದ ಬಾಗಿಲು.

ಹನ್ನೊಂದೂವರೆಗೆ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿ, ಯಾರಾದರೂ ಕಣ್ಣು ಮುಚ್ಚಿಯಾರೆಂಬ ಭಯಕ್ಕೆ ಇನ್ನೂರ ಹದಿಮೂರು ಫೋಟೋ ಹೊಡೆದರು. ಕೊನೆಯವಕ್ಕೆ ಟೈಮರ್ ಇಟ್ಟು ತಾವೂ ಓಡಿ ನಿಂತರು. ಫೋಟೋ ಇಳಿಸಲು ಕ್ಯಾಮೆರಾದ ವೈರು ಸಿಕ್ಕಿಸಿದಾಗ ಆಫೀಸಿನ ಕಂಪ್ಯೂಟರು ಕೊಂಚ ಯೋಚಿಸಿ, ಉಳಿದ ಸಮಯ ಐದು ಗಂಟೆ ಎಂದಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ಆರು ಗಂಟೆ. ಗಡಿಯಾರ ಏರಿಗೆಳೆದರೆ ಕಂಪ್ಯೂಟರು ನೀರಿಗೆಳೆಯುತ್ತಿತ್ತು.

ಸ್ಟೋರ್ಸಿನವರು ಬಂದು, ವೈರನ್ನು ಹಿಂದಿನ ತೂತಿಗೆ ಹಾಕಿದರೆ ಜೋರಾಗಿ ಹೋಗುತ್ತದೆ ಎಂದರು. ಗುಮಾಸ್ತರು ಮೇಜಿನಡಿ ತೂರಿ, ತಲೆತುಂಬ ಜೇಡರ ಬಲೆ ಹೊತ್ತು ಎದ್ದರು. ಹತ್ತು ನಿಮಿಷ ಕಡಿಮೆಯಾಗಿತ್ತು. ಕಾರ್ಡ್ ರೀಡರ್ ಇದ್ದರೆ ಕ್ಷಣದ ಕೆಲಸವಂತೆ. ಅದು ಬೀರುವಿನಲ್ಲಿತ್ತು, ಬೀರುವಿನ ಕೀಲಿ ರಜೆಯಲ್ಲಿದ್ದವರ ಜೇಬಿನಲ್ಲಿತ್ತು. ಯಾವುದಾದರೂ ಒಂದೇ ಫೋಟೋ ಆರಿಸಿ ಹಾಕೋಣವೆಂದರೆ ಯಾವ ಒಂದು ಎಂಬುದಕ್ಕೇ ಜಗಳ.

ರೋಗದ ಮೂಲ ಹಿಡಿದವರು ಟೈಪಿಸ್ಟ್ ಅಕ್ಕ. "ಇಷ್ಟೊಂದು ಹೊರಿಸಿದ್ರೆ ಪಾಪ ಅದಾದ್ರೂ ಏನ್ಮಾಡುತ್ತೆ? ಬೇಡದ್ದು ಅಳಿಸಿದ್ರೆ ಹಗುರಾಗುತ್ತೆ. ಕ್ಯಾಮೆರಾ ಕೊಡಿ ಇಲ್ಲಿ."

ಬೇಡದ್ದೆಂದರೆ, ಅವರ ಗದ್ದ ಎರಡಾಗಿ ಕಂಡ ಫೋಟೋಗಳು. ಎಪ್ಪತ್ತು ಹೋದವು. ಸುದ್ದಿ ಹಬ್ಬಿ ಮೇಜಿನ ಮುಂದೆ ಸಾಲು ನಿಂತಿತು. ಅಕೌಂಟೆಂಟ್ ತಮ್ಮ ಬೋಳುತಲೆ ಹೊಳೆದವನ್ನೆಲ್ಲ ತೆಗೆದರು. ಮಾತುಬಿಟ್ಟಿದ್ದ ಇಬ್ಬರು, ಅಕ್ಕಪಕ್ಕ ನಿಂತಂತೆ ಕಂಡವನ್ನು ಎರಡು ವರ್ಷದಲ್ಲಿ ಮೊದಲ ಬಾರಿಗೆ ಒಮ್ಮತದಿಂದ ಅಳಿಸಿದರು. ಪ್ರತಿಯೊಬ್ಬರೂ ಕ್ಯಾಮೆರಾ ಹಿಂದಿರುಗಿಸುವಾಗ "ಇನ್ನೂ ಬೇಕಾದಷ್ಟಿದೆ ಬಿಡಿ" ಎಂದೇ ಹೋದರು. ಗುಮಾಸ್ತರಿಗೂ ಖುಷಿ: ಆರು ಗಂಟೆ ಮೂರಾಯಿತು, ಮೂರು ಒಂದಾಯಿತು, ಒಂದು ಗಂಟೆ ಕಾಲು ಗಂಟೆಯಾಯಿತು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವರೂ ಒಮ್ಮೆ ಕಣ್ಣಾಡಿಸಿದರು. ಎದುರಿಗೆ ಬಂದದ್ದರಲ್ಲಿ ಎಲ್ಲರೂ ಚೆನ್ನಾಗಿದ್ದರು; ಟೈಮರಿಗೆ ಹೆದರಿ ಓಡುತ್ತಿದ್ದ ತಮ್ಮ ಬೆನ್ನು ಮಾತ್ರ, ಸಾಲ ಕೊಟ್ಟವರನ್ನು ಕಂಡವನ ಬೆನ್ನಿನಂತಿತ್ತು. ಇಷ್ಟು ಜನರ ಮಾನ ಉಳಿಸಿದವರಿಗೆ ತಮ್ಮದೊಂದು ಭಾರವೇ? ಅಳಿಸಿದರು. ಕಂಪ್ಯೂಟರು ಕಣ್ಣುಮಿಟುಕಿಸುವುದರೊಳಗೆ ಕೆಲಸ ಮುಗಿಸಿತು.

ಸಭೆಯಲ್ಲಿ ದೀಪ ಆರಿಸಿ ಪರದೆ ಬೆಳಗಿದಾಗ ಒಂದೇ ಫೋಟೋ ಉಳಿದಿತ್ತು: ಎಲ್ಲರೂ ಬರುವ ಮೊದಲು ಬೆಳಕು ನೋಡಲೆಂದು ತೆಗೆದದ್ದು. ಸಾಲು ಮೇಜುಗಳು, ಖಾಲಿ ಕುರ್ಚಿಗಳು, ಗೋಡೆ ಗಡಿಯಾರದಲ್ಲಿ ಹನ್ನೊಂದು ಗಂಟೆ.

ಗುಮಾಸ್ತರು ಮನಸ್ಸಿನಲ್ಲೇ ಕಿಟಕಿ ಮುಚ್ಚಿಕೊಂಡರು.

ಮ್ಯಾನೇಜರ್ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ಮೂವತ್ತೊಂದು ವರ್ಷ ಹನ್ನೊಂದು ಗಂಟೇಲಿ ನಾನು ದಿನಾ ನೋಡಿದ ಆಫೀಸು ಇದೇ. ಹೇಳೋ ಧೈರ್ಯ ನನಗಿರಲಿಲ್ಲ, ಇವರಿಗಿತ್ತು" ಎಂದು ಗುಮಾಸ್ತರನ್ನು ತಬ್ಬಿಕೊಂಡರು. ಅಲ್ಲೇ ಕಾಗದ ತರಿಸಿ ತಮ್ಮ ಕೊನೆಯ ಸಹಿ ಹಾಕಿದರು.

ಆ ಆದೇಶದ ಪ್ರಕಾರ ಮರುದಿನದಿಂದ ಹಾಜರಿ ಪುಸ್ತಕ ಗುಮಾಸ್ತರ ವಶಕ್ಕೆ. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವುದೂ ಅವರೇ. ಬಂದುಹೋಗುವವರೆಲ್ಲ ಕಣ್ಣಿಗೆ ಬೀಳಲೆಂದು ಮೇಜನ್ನು ಬಾಗಿಲ ಬಳಿಗೇ ಹಾಕಿಸಲಾಯಿತು. ಕಿಟಕಿಯ ಕಡೆ ಬೆನ್ನು.